ಬೂದು ಹಕ್ಕಿಯ ಗೂಡಿನಲ್ಲಿ ಬಿಳಿ ಮರಿ

ಪಂಜರದಲ್ಲಿ ಒಂದು ಜೋಡಿ ಫಿಂಚ್ ಹಕ್ಕಿಗಳಿವೆ. ಗಂಡೂ ಬೂದು, ಹೆಣ್ಣೂ ಬೂದು. ಅವುಗಳ ತಂದೆ ತಾಯಿಯೂ ಅದೇ ಬಣ್ಣದವು. ಮೊಟ್ಟೆಗಳು ಒಡೆದು, ಮರಿಗಳಿಗೆ ಗರಿ ಮೂಡುವ ಹೊತ್ತಿಗೆ ಸಾಕಿದವರಿಗೆ ಅಚ್ಚರಿಯೊಂದು ಕಾದಿರುತ್ತದೆ. ನಾಲ್ಕು ಮರಿಗಳಲ್ಲಿ ಮೂರು ಬೂದು, ಒಂದು ಮಾತ್ರ ಹಾಲಿನಂತೆ ಬಿಳಿ!

ಮೊದಲು ಹುಟ್ಟುವುದು ಅನುಮಾನ. ಅಂಗಡಿಯವನು ಮೋಸ ಮಾಡಿದನೇ? ಬೇರೆ ಹಕ್ಕಿ ಬಂದು ಈ ಗೂಡಿನಲ್ಲಿ ಮೊಟ್ಟೆ ಇಟ್ಟಿತೇ? ಮೇವಿನಲ್ಲಿ ಏನಾದರೂ ಕೊರತೆಯಾಯಿತೇ? ಸಾಮಾನ್ಯವಾಗಿ ಇದಾವುದೂ ಕಾರಣವಾಗಿರುವುದಿಲ್ಲ. ಆ ಬಿಳಿ ಬಣ್ಣ ತಂದೆಯಲ್ಲೂ ಇತ್ತು, ತಾಯಿಯಲ್ಲೂ ಇತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ನಮ್ಮ ಊರುಗಳ ಹಕ್ಕಿ ಅಂಗಡಿಗಳಲ್ಲಿ ‘ಫಿಂಚ್’ ಎಂದು ಮಾರುವ ಪುಟ್ಟ ಹಕ್ಕಿಗಳಲ್ಲಿ ಮುಖ್ಯವಾದುದು ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್. ಕಾಡಿನಲ್ಲಿ ಅದರ ಮೈ ಬೂದು, ಕೊಕ್ಕು ಕೆಂಪು. 1921ರಲ್ಲಿ ಸಿಡ್ನಿಯ ಒಂದು ಹಕ್ಕಿಮನೆಯಲ್ಲಿ ಇಂಥ ಬೂದು ಹಕ್ಕಿಗಳ ನಡುವೆ ಬಿಳಿ ಮರಿಗಳು ಹುಟ್ಟಿದವು. ಇನ್ನೊಂದು ಬೆಂಗಾಲೀಸ್ ಫಿಂಚ್. ಹೆಸರಿನಲ್ಲಿ ಬಂಗಾಳವಿದ್ದರೂ ಅದು ಪಳಗಿದ್ದು ಜಪಾನಿನಲ್ಲಿ, ಸುಮಾರು 250 ವರ್ಷಗಳ ಹಿಂದೆ ಚೀನಾದಿಂದ ತರಿಸಿಕೊಂಡ ಹಕ್ಕಿಗಳಿಂದ. ಅದರ ಕಾಡಿನ ಬಂಧುವಾದ ಬಿಳಿ ಸೊಂಟದ ರಾಟವಾಳ ನಮ್ಮ ಪಶ್ಚಿಮ ಘಟ್ಟದ ಸೆರಗಿನಲ್ಲಿ ಇಂದಿಗೂ ಗುಂಪು ಗುಂಪಾಗಿ ಹಾರಾಡುತ್ತದೆ. ಈ ಕಪ್ಪು ಕಂದು ಹಕ್ಕಿಯ ಪಳಗಿದ ಸಂತತಿಯಲ್ಲಿ ಬಿಳಿ ಮಚ್ಚೆಯವು, ತಿಳಿಕಂದು ಬಣ್ಣದವು, ಪೂರ್ತಿ ಬಿಳಿಯವೂ ಇವೆ.

ಆದರೆ ಇಂಥ ಅನಿರೀಕ್ಷಿತ ಬಣ್ಣಗಳ ಚರಿತ್ರೆಯನ್ನು ಹೆಚ್ಚು ವಿವರವಾಗಿ ಹೇಳುವುದು ಮತ್ತೊಂದು ಹಕ್ಕಿ, ಹಳದಿ ಬಣ್ಣದ ಕ್ಯಾನರಿ. ಅನುವಂಶೀಯತೆಯ ಒಂದು ದೊಡ್ಡ ಗುಟ್ಟನ್ನು ಈ ಹಕ್ಕಿ ಮನುಷ್ಯನಿಗೆ ತೋರಿಸಿಕೊಟ್ಟಿತು. ಆ ಗುಟ್ಟನ್ನು ಅರ್ಧ ಮಾತ್ರ ಅರಿತವರು ಎಂಥ ಅನಾಹುತಕ್ಕೆ ಕೈ ಜೋಡಿಸಬಲ್ಲರು ಎಂಬುದೂ ಇದೇ ಹಕ್ಕಿಯ ಕಥೆಯಲ್ಲಿದೆ.

ದ್ವೀಪದಿಂದ ಪಂಜರಕ್ಕೆ

ಆಫ್ರಿಕದ ವಾಯವ್ಯ ಕರಾವಳಿಗೆ ಸಮೀಪದ ಕ್ಯಾನರಿ ದ್ವೀಪಗಳು ಈ ಹಕ್ಕಿಯ ತವರು. ಮಡೀರಾ, ಅಜೋರ್ಸ್ ದ್ವೀಪಗಳಲ್ಲೂ ಇದು ವಾಸಿಸುತ್ತದೆ. 15ನೇ ಶತಮಾನದಲ್ಲಿ ಸ್ಪೇನ್ ಆ ದ್ವೀಪಗಳನ್ನು ಗೆದ್ದುಕೊಂಡಿತು. ಹಕ್ಕಿಯ ಇಂಪಾದ ದನಿಗೆ ಮನಸೋತು ನಾವಿಕರೂ ವ್ಯಾಪಾರಿಗಳೂ ಅದನ್ನು ಯುರೋಪಿಗೆ ಒಯ್ದರು. ಕಾಡಿನ ಕ್ಯಾನರಿ ಈಗ ನಾವು ಚಿತ್ರಗಳಲ್ಲಿ ಕಾಣುವಂತೆ ಅಚ್ಚ ಹಳದಿಯದಲ್ಲ. ಹಸಿರು ಮಿಶ್ರಿತ ಹಳದಿ ಮೈ, ಅದರ ಮೇಲೆ ಕಂದು ಗೆರೆಗಳು.

ಆ ಗರಿಗಳಲ್ಲಿ ಎರಡು ಬಗೆಯ ಬಣ್ಣಗಳು ಬೆರೆತಿವೆ. ಒಂದು, ಮೆಲನಿನ್ ಎಂಬ ಕಪ್ಪು ಕಂದು ಬಣ್ಣ. ಇದನ್ನು ಹಕ್ಕಿಯ ದೇಹವೇ ತಯಾರಿಸುತ್ತದೆ. ಇನ್ನೊಂದು, ಕ್ಯಾರೊಟಿನಾಯ್ಡ್ ಎಂಬ ಹಳದಿ ಬಣ್ಣ. ಇದು ಕಾಳು, ಸೊಪ್ಪಿನ ಮೂಲಕ ಮೇವಿನಿಂದಲೇ ಬರಬೇಕು. ಪಂಜರದಲ್ಲಿ ತಲೆಮಾರುಗಳು ಉರುಳಿದಂತೆ ಕೆಲವು ಮರಿಗಳಲ್ಲಿ ಕಪ್ಪು ಕಂದು ತಪ್ಪಿಹೋಗಿ ಹಳದಿ ಮಾತ್ರ ಉಳಿಯಿತು. ಜನ ಮೆಚ್ಚಿದರು. ಅಂಥವನ್ನೇ ಆರಿಸಿ ಜೋಡಿ ಮಾಡಿದರು.

1709ರಲ್ಲಿ ಫ್ರಾನ್ಸಿನ ಎರ್ವಿಯೂ ಎಂಬವರು ಕ್ಯಾನರಿ ಸಾಕಣೆಯ ಬಗ್ಗೆ ಒಂದು ಪುಸ್ತಕ ಹೊರತಂದರು. ಅದರಲ್ಲಿ ಎರಡು ಡಜನ್‌ಗೂ ಹೆಚ್ಚು ಬಗೆಯ ಕ್ಯಾನರಿಗಳ ಪಟ್ಟಿಯಿದೆ. ಅಂದರೆ ಅನುವಂಶೀಯತೆ ಎಂಬ ಶಾಸ್ತ್ರ ಹುಟ್ಟುವುದಕ್ಕೆ ಸುಮಾರು ಎರಡು ಶತಮಾನ ಮೊದಲೇ ಸಾಕಣೆದಾರರು ಬಗೆಬಗೆಯ ಬಣ್ಣಗಳನ್ನು ಗುರುತಿಸಿ, ಹೆಸರಿಟ್ಟು, ಉಳಿಸಿಕೊಂಡಿದ್ದರು. ಒಮ್ಮೆ ಕಂಡ ಬಣ್ಣ ಮುಂದಿನ ತಲೆಮಾರಿನಲ್ಲಿ ಮಾಯವಾಗಿ ಅದರ ಮುಂದಿನದರಲ್ಲಿ ಮರಳಿ ಬರುವುದನ್ನೂ ಅವರು ಬಲ್ಲರು. ಏಕೆ ಹೀಗೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಬಟಾಣಿ ಬಿಡಿಸಿದ ಒಗಟು

ಒಗಟು ಬಿಡಿಸಿದ್ದು ಹಕ್ಕಿಯಲ್ಲ, ಬಟಾಣಿ. ಇಂದಿನ ಜೆಕ್ ಗಣರಾಜ್ಯದ ಬ್ರನೊ ನಗರದ ಮಠವೊಂದರಲ್ಲಿದ್ದ ಸನ್ಯಾಸಿ ಗ್ರೆಗೊರ್ ಮೆಂಡೆಲ್ ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಬೆಳೆದರು. ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಆ ದುಂಡು ಬೀಜಗಳನ್ನೇ ಬಿತ್ತಿ ಬೆಳೆದಾಗ ಸುಕ್ಕು ಬೀಜ ಮರಳಿ ಬಂತು. ಮೆಂಡೆಲ್ ಒಂದೊಂದನ್ನೂ ಎಣಿಸಿದರು. 7,324 ಬೀಜಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು.

ಪ್ರತಿ ಗುಣಕ್ಕೂ ಜೀವಿಯಲ್ಲಿ ಎರಡು ಅಂಶಗಳಿರುತ್ತವೆ, ಒಂದು ತಂದೆಯಿಂದ, ಒಂದು ತಾಯಿಯಿಂದ ಎಂದು ಮೆಂಡೆಲ್ ತರ್ಕಿಸಿದರು. ಈ ಅಂಶಗಳನ್ನೇ ನಾವು ಈಗ ವಂಶವಾಹಿ ಎನ್ನುತ್ತೇವೆ. ಎರಡೂ ಬೇರೆ ಬೇರೆಯಾದಾಗ ಒಂದು ಎದ್ದು ಕಾಣುತ್ತದೆ. ಅದು ಪ್ರಬಲ. ಇನ್ನೊಂದು ಮರೆಯಾಗುತ್ತದೆ. ಅದು ದುರ್ಬಲ. ಮರೆಯಾದದ್ದು ಅಳಿದುಹೋಗುವುದಿಲ್ಲ. ಎರಡು ಕಡೆಯಿಂದಲೂ ದುರ್ಬಲ ಅಂಶವೇ ಬಂದು ಸೇರಿದಾಗ ಅದು ಮತ್ತೆ ಬೆಳಕಿಗೆ ಬರುತ್ತದೆ. 1865ರಲ್ಲಿ ಮೆಂಡೆಲ್ ಇದನ್ನು ಭಾಷಣದಲ್ಲಿ ಮಂಡಿಸಿದರು, 1866ರಲ್ಲಿ ಲೇಖನ ಅಚ್ಚಾಯಿತು. ಅದರ ಮಹತ್ವವನ್ನು ಜಗತ್ತು ಅರಿತದ್ದು ಅವರು ತೀರಿಕೊಂಡು 16 ವರ್ಷಗಳಾದ ಮೇಲೆ, 1900ರಲ್ಲಿ.

ಈಗ ಮೊದಲಿನ ಪಂಜರಕ್ಕೆ ಮರಳೋಣ. ಬೂದು ತಂದೆಯಲ್ಲಿ ಒಂದು ಬೂದು ವಂಶವಾಹಿ, ಒಂದು ಬಿಳಿ. ಬೂದು ತಾಯಿಯಲ್ಲೂ ಹಾಗೆಯೇ. ಪ್ರತಿ ಮರಿಯೂ ಬಿಳಿಯಾಗುವ ಸಂಭವ ನಾಲ್ಕರಲ್ಲಿ ಒಂದು. ಹಾಗೆಂದು ನಾಲ್ಕು ಮರಿಗಳಾದರೆ ಒಂದು ಬಿಳಿ ಖಚಿತ ಎಂದುಕೊಳ್ಳಬಾರದು. ಲೆಕ್ಕ ಹಾಕಿದರೆ, ಇಂಥ ನಾಲ್ಕು ಮರಿಗಳ ಗೂಡುಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಒಂದೂ ಬಿಳಿ ಮರಿ ಇರುವುದಿಲ್ಲ. ಹೀಗಾಗಿಯೇ ಬಿಳಿ ಬಣ್ಣ ಯಾರ ಗಮನಕ್ಕೂ ಬಾರದೆ ಹಲವು ತಲೆಮಾರು ದಾಟಿಬಿಡಬಲ್ಲದು. ಬಿಳಿ ಮರಿಯ ಬೂದು ಒಡಹುಟ್ಟುಗಳಲ್ಲೂ ಸರಾಸರಿ ಮೂರರಲ್ಲಿ ಎರಡು ಆ ಬಿಳಿಯನ್ನು ಒಳಗೆ ಹೊತ್ತೇ ಬೆಳೆಯುತ್ತವೆ. ಇಂಥ ಹಕ್ಕಿಗಳನ್ನು ವಾಹಕಗಳು ಎನ್ನುತ್ತಾರೆ.

ತಂದೆಯ ಬಣ್ಣ ಮಗಳಿಗೆ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ನಮ್ಮಲ್ಲಿದೆ. ಕ್ಯಾನರಿ ಸಾಕುವವರಿಗೆ ಇದಕ್ಕೆ ವಿರುದ್ಧವಾದ ಒಂದು ಅನುಭವ ಬಹಳ ಕಾಲದಿಂದ ಗೊತ್ತಿತ್ತು. ದಾಲ್ಚಿನ್ನಿ ಬಣ್ಣದ ಗಂಡನ್ನು ಹಸಿರು ಹೆಣ್ಣಿನ ಜೊತೆ ಬಿಟ್ಟರೆ ಹೆಣ್ಣು ಮರಿಗಳೆಲ್ಲ ತಂದೆಯಂತೆ ದಾಲ್ಚಿನ್ನಿ, ಗಂಡು ಮರಿಗಳೆಲ್ಲ ತಾಯಿಯಂತೆ ಹಸಿರು. ಅದಲು ಬದಲು ಮಾಡಿ ಹಸಿರು ಗಂಡಿಗೆ ದಾಲ್ಚಿನ್ನಿ ಹೆಣ್ಣನ್ನು ಜೊತೆ ಮಾಡಿದರೆ ಮರಿಗಳೆಲ್ಲ ಹಸಿರು!

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೆಂಡೆಲ್ ತತ್ವದ ದೊಡ್ಡ ಪ್ರಚಾರಕರಾಗಿದ್ದವರು ವಿಲಿಯಂ ಬೇಟ್ಸನ್. ಅವರ ಬಳಗದಲ್ಲಿ ಮಹಿಳೆಯರು ಗಣನೀಯ ಸಂಖ್ಯೆಯಲ್ಲಿದ್ದರು. ಮಹಿಳೆಯರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯ ಪದವಿಯನ್ನೇ ಕೊಡದಿದ್ದ ಕಾಲ ಅದು. ಆ ಬಳಗದ ಫ್ಲಾರೆನ್ಸ್ ಡರ್ಹಾಮ್ ಮತ್ತು ಡೊರೊತಿಯಾ ಮ್ಯಾರಿಯಟ್ ದಾಲ್ಚಿನ್ನಿ ಕ್ಯಾನರಿಗಳನ್ನು ಸಾಕಿ, ಜೋಡಿ ಮಾಡಿ, ಮರಿಗಳನ್ನು ಎಣಿಸಿದರು. 1908ರಲ್ಲಿ ಅವರ ವರದಿ ಪ್ರಕಟವಾಯಿತು. ಬಣ್ಣದ ಅಂಶಕ್ಕೂ ಲಿಂಗವನ್ನು ನಿರ್ಧರಿಸುವ ಅಂಶಕ್ಕೂ ನಂಟಿದೆ ಎಂದು ಅದು ತೋರಿಸಿತು. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಹಣ್ಣಿನ ನೊಣದ ಬಿಳಿ ಕಣ್ಣಿನ ಬಗ್ಗೆ ಬರೆದು ಹೆಸರುವಾಸಿಯಾದದ್ದು ಅದಾದ ಎರಡು ವರ್ಷಗಳ ಮೇಲೆ.

ಕಾರಣ ಇಷ್ಟು. ವಂಶವಾಹಿಗಳು ಇರುವುದು ವರ್ಣತಂತುಗಳಲ್ಲಿ. ಗಂಡು ಹಕ್ಕಿಯಲ್ಲಿ ಜೆಡ್ ಎಂಬ ವರ್ಣತಂತು ಎರಡು. ಹೆಣ್ಣಿನಲ್ಲಿ ಒಂದು ಜೆಡ್, ಇನ್ನೊಂದು ಚಿಕ್ಕದಾದ ಡಬ್ಲ್ಯೂ. ದಾಲ್ಚಿನ್ನಿ ಬಣ್ಣದ ದುರ್ಬಲ ವಂಶವಾಹಿ ಜೆಡ್ ಮೇಲಿದೆ. ಹೆಣ್ಣಿಗೆ ಇರುವ ಒಂದೇ ಜೆಡ್ ಬರುವುದು ತಂದೆಯಿಂದ. ಅದರ ಮೇಲಿರುವ ಬಣ್ಣವನ್ನು ಮರೆಮಾಡಲು ಎರಡನೆಯ ಜೆಡ್ ಇಲ್ಲ. ಆದ್ದರಿಂದ ಹೆಣ್ಣು ಈ ಬಣ್ಣವನ್ನು ಬಚ್ಚಿಡಲಾರಳು. ಗಂಡು ಮಾತ್ರ ಬಚ್ಚಿಟ್ಟುಕೊಳ್ಳಬಲ್ಲ. ಎರಡು ಹಸಿರು ಕ್ಯಾನರಿಗಳಿಗೆ ದಿಢೀರನೆ ದಾಲ್ಚಿನ್ನಿ ಬಣ್ಣದ ಹೆಣ್ಣು ಮರಿ ಹುಟ್ಟಿದರೆ ಅದನ್ನು ತಂದವನು ತಂದೆಯೇ. ನಮ್ಮ ಅಂಗಡಿಗಳಲ್ಲಿ ಸಿಗುವ ಕಂದು ಜೀಬ್ರಾ ಫಿಂಚ್‌ಗೂ ಇದೇ ನಿಯಮ.

ಕೆಂಪು ಕ್ಯಾನರಿಯ ಕನಸು

ಗುಟ್ಟು ತಿಳಿಯಿತು. ಇನ್ನು ಬೇಕಾದ ಬಣ್ಣವನ್ನು ಬೇಕೆಂದಾಗ ತರಬಹುದಲ್ಲವೇ? ಹೀಗೆ ಯೋಚಿಸಿದವರಲ್ಲಿ ಪ್ರಮುಖರು ಜರ್ಮನಿಯ ಬ್ರೆಮೆನ್ ನಗರದ ಶಾಲಾ ಶಿಕ್ಷಕ ಹಾನ್ಸ್ ಡಂಕರ್. ಅದೇ ಊರಿನ ಕಾರ್ಲ್ ರೈಕ್ ಕ್ಯಾನರಿಗಳಿಗೆ ನೈಟಿಂಗೇಲ್ ಹಕ್ಕಿಯ ಹಾಡು ಕಲಿಸಿ ಹೆಸರು ಮಾಡಿದ್ದವರು. ಆ ಹಾಡುಗಳ ಗ್ರಾಮಫೋನ್ ತಟ್ಟೆಗಳೂ ಬಂದಿದ್ದವು. 1920ರ ದಶಕದಲ್ಲಿ ಇಬ್ಬರೂ ಕೂಡಿದರು. ಶಿಕ್ಷಕನಿಗೆ ಶಾಸ್ತ್ರ ಗೊತ್ತು, ಸಾಕಣೆದಾರನಿಗೆ ಹಕ್ಕಿ ಗೊತ್ತು. ಶ್ರೀಮಂತ ವರ್ತಕ ಕ್ರೆಮರ್ ಬೆಂಬಲಕ್ಕೆ ನಿಂತರು. ಅವರ ಗುರಿ ಅಚ್ಚ ಕೆಂಪು ಕ್ಯಾನರಿ.

ಕ್ಯಾನರಿಯನ್ನು ಕೆಂಪಾಗಿಸಲು ಇಂಗ್ಲೆಂಡಿನ ಸಾಕಣೆದಾರರು 1870ರ ದಶಕದಲ್ಲೇ ಒಂದು ಉಪಾಯ ಕಂಡುಕೊಂಡಿದ್ದರು. ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಮೇವಿಗೆ ಕೆಂಪು ಮೆಣಸಿನ ಪುಡಿ ಬೆರೆಸುವುದು. ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೂ ಕಾರಣವಾದ ಕ್ಯಾರೊಟಿನಾಯ್ಡ್ ರಕ್ತದ ಮೂಲಕ ಗರಿ ಸೇರುತ್ತದೆ. ಪ್ರದರ್ಶನಗಳಲ್ಲಿ ಇಂಥ ಕಿತ್ತಳೆ ಕೆಂಪಿನ ಹಕ್ಕಿಗಳನ್ನು ಕಂಡು, ಬಣ್ಣ ಬಳಿದಿದ್ದಾರೆ ಎಂದು ಜಗಳವೂ ಆಗಿತ್ತು. ಆದರೆ ಮೆಣಸು ನಿಲ್ಲಿಸಿದರೆ ಮುಂದಿನ ಗರಿ ಮತ್ತೆ ಹಳದಿ. ಡಂಕರ್‌ಗೆ ಬೇಕಾದದ್ದು ಮೇವಿನ ಕೆಂಪಲ್ಲ, ವಂಶದ ಕೆಂಪು.

ಅದಕ್ಕಾಗಿ ಅವರು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿರುವ ರೆಡ್ ಸಿಸ್ಕಿನ್ ಎಂಬ ಕೆಂಪು ಕಪ್ಪು ಫಿಂಚ್ ಹಕ್ಕಿಯನ್ನು ಹಳದಿ ಕ್ಯಾನರಿಯೊಡನೆ ಕೂಡಿಸಿದರು. ಮರಿಗಳು ತಾಮ್ರದ ಬಣ್ಣದವು. ಮಿಶ್ರತಳಿಯ ಹೆಣ್ಣುಗಳು ಬಹುಪಾಲು ಬಂಜೆ. ಗಂಡುಗಳನ್ನು ಮತ್ತೆ ಕ್ಯಾನರಿಗಳ ಜೊತೆ ಬಿಟ್ಟರು. ಕಿತ್ತಳೆ ಬಣ್ಣ ಬಂತು, ಅಚ್ಚ ಕೆಂಪು ಬರಲಿಲ್ಲ. ಒಳಗಿನ ಹಳದಿ ವಂಶವಾಹಿಯನ್ನು ತೆಗೆದುಹಾಕಿದರೆ ಕೆಂಪು ತಾನಾಗಿ ಹೊಳೆಯುತ್ತದೆ ಎಂದು ಡಂಕರ್ ನಂಬಿದ್ದರು. ವರ್ಷಗಳು ಕಳೆದರೂ ಹೊಳೆಯಲಿಲ್ಲ.

ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕ, ಬ್ರಿಟನ್‌ಗಳ ಸಾಕಣೆದಾರರು ಉತ್ತರ ಕಂಡುಕೊಂಡರು. ಸಿಸ್ಕಿನ್‌ನಿಂದ ಬಂದ ವಂಶವಾಹಿಯೂ ಬೇಕು, ಜೊತೆಗೆ ಕ್ಯಾರೆಟ್‌ನಂಥ ಬಣ್ಣ ಕೊಡುವ ಮೇವೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅಚ್ಚ ಕೆಂಪು ಇಲ್ಲ. ಹುಟ್ಟು ಮಾತ್ರ ಸಾಲದು, ಪೋಷಣೆಯೂ ಬೇಕು ಎಂಬ ಪಾಠವನ್ನು ಡಂಕರ್ ಅವರ ಹಕ್ಕಿಯೇ ಹೇಳುತ್ತಿತ್ತು.

ಹಕ್ಕಿಯಿಂದ ಮನುಷ್ಯನ ಕಡೆಗೆ

ಈ ಪಾಠ ಡಂಕರ್ ಕಿವಿಗೆ ಬೀಳಲಿಲ್ಲ. ಕ್ಯಾನರಿಗಳಂತೆಯೇ ಮನುಷ್ಯರಲ್ಲೂ ಉತ್ತಮರನ್ನು ಆರಿಸಿ ಬೆಳೆಸಬೇಕು, ಅಯೋಗ್ಯರ ಸಂತಾನ ತಡೆಯಬೇಕು ಎಂಬ ಸುಜನನಶಾಸ್ತ್ರದ ವಿಚಾರಗಳನ್ನು ಅವರು ಪ್ರಚಾರ ಮಾಡಿದರು. ನಾಜಿ ಪಕ್ಷವನ್ನೂ ಸೇರಿದರು. ಈ ವಿಚಾರ ಅವರೊಬ್ಬರದಲ್ಲ. ಇದಕ್ಕೆ 1883ರಲ್ಲೇ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಹೆಸರಿಟ್ಟಿದ್ದರು. ಹಲವು ದೇಶಗಳ ವಿದ್ವಾಂಸರು ಅದನ್ನು ಒಪ್ಪಿದ್ದರು. ಜರ್ಮನಿಯಲ್ಲಿ ಅದು ಅತ್ಯಂತ ಕ್ರೂರ ರೂಪ ತಳೆಯಿತು. ವಂಶದಲ್ಲಿ ದೋಷವಿದೆ ಎಂದು ಹೇಳಿ ಜನರಿಗೆ ಬಲವಂತವಾಗಿ ಸಂತಾನಶಕ್ತಿ ಹರಣದ ಶಸ್ತ್ರಚಿಕಿತ್ಸೆ ಮಾಡುವ ಕಾನೂನು 1933ರ ಜುಲೈನಲ್ಲಿ ಬಂತು. ಸುಮಾರು 4 ಲಕ್ಷ ಜನ ಅದಕ್ಕೆ ಗುರಿಯಾದರು.

ಈ ಕಾನೂನು ಅಮಾನವೀಯವಾಗಿತ್ತು. ಅದರ ಹಿಂದಿನ ಲೆಕ್ಕವೂ ತಪ್ಪಾಗಿತ್ತು. ಆ ತಪ್ಪನ್ನು ತೋರಿಸುವ ಗಣಿತ ಆಗಲೇ ಅಚ್ಚಾಗಿ 25 ವರ್ಷ ಕಳೆದಿತ್ತು. ನಮ್ಮ ಶ್ರೀನಿವಾಸ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಗಣಿತಜ್ಞ ಜಿ.ಎಚ್. ಹಾರ್ಡಿ 1908ರಲ್ಲಿ ಒಂದು ಚಿಕ್ಕ ಲೇಖನ ಬರೆದಿದ್ದರು. ಬೇಟ್ಸನ್ ಅವರ ಸಹೋದ್ಯೋಗಿ ಪನೆಟ್ ಅವರ ಪ್ರಶ್ನೆಗೆ ಕೊಟ್ಟ ಉತ್ತರ ಅದು. ಆಯ್ಕೆ ಮುಂತಾದ ಬೇರೆ ಒತ್ತಡಗಳಿಲ್ಲದಿದ್ದರೆ ದೊಡ್ಡ ಸಮುದಾಯದಲ್ಲಿ ಪ್ರಬಲ ಗುಣ ಹೆಚ್ಚುತ್ತಲೂ ಹೋಗುವುದಿಲ್ಲ, ದುರ್ಬಲ ಗುಣ ಅಳಿಯುತ್ತಲೂ ಹೋಗುವುದಿಲ್ಲ ಎಂದು ಅದು ಸಾಧಿಸಿತು.

ಇದರಿಂದ ಹೊರಡುವ ಒಂದು ಲೆಕ್ಕ ನೋಡಿ. ದುರ್ಬಲ ವಂಶವಾಹಿಯಿಂದ ಬರುವ ಒಂದು ಕಾಯಿಲೆ 10,000 ಜನರಲ್ಲಿ ಒಬ್ಬರಿಗಿದೆ ಎಂದುಕೊಳ್ಳೋಣ. ಆಗ ಅದೇ ವಂಶವಾಹಿಯನ್ನು ಒಳಗೆ ಹೊತ್ತ, ಯಾವ ಕಾಯಿಲೆಯೂ ಇಲ್ಲದ ಜನ ಸುಮಾರು 200. ಕಾಣುವ ಒಬ್ಬರನ್ನು ಶಿಕ್ಷಿಸಿದರೆ ಕಾಣದ 200 ಜನರಲ್ಲಿ ಅದು ಹಾಗೆಯೇ ಇರುತ್ತದೆ. ಪನೆಟ್ ಸುಜನನಶಾಸ್ತ್ರದ ವಿರೋಧಿಯೇನೂ ಆಗಿರಲಿಲ್ಲ. ಆದರೂ 1917ರಲ್ಲಿ ಅವರೇ ಲೆಕ್ಕ ಹಾಕಿದರು. ನೂರಕ್ಕೆ ಒಬ್ಬರಲ್ಲಿರುವ ದುರ್ಬಲ ಗುಣವನ್ನು ಈ ದಾರಿಯಿಂದ ಲಕ್ಷಕ್ಕೆ ಒಬ್ಬರಿಗೆ ಇಳಿಸಲು 8,000 ವರ್ಷಗಳಿಗೂ ಹೆಚ್ಚು ಬೇಕು!

ಬೂದು ಜೋಡಿಯ ಗೂಡಿನಲ್ಲಿ ಬಿಳಿ ಮರಿ ಕಂಡ ಸಾಮಾನ್ಯ ಸಾಕಣೆದಾರನಿಗೂ ಈ ಸತ್ಯದ ಎಳೆ ಸಿಕ್ಕಿರುತ್ತದೆ. ಹೊರಗಿನ ರೂಪ ನೋಡಿ ಒಳಗೇನಿದೆ ಎಂದು ಹೇಳಲಾಗದು. ಯಾವ ವಂಶವೂ ‘ಶುದ್ಧ’ವಲ್ಲ.

ಬಣ್ಣದ ಬೆಲೆ

ಅಪರೂಪದ ಬಣ್ಣಕ್ಕೆ ಹಕ್ಕಿಯೂ ಬೆಲೆ ತೆರುತ್ತದೆ. ಬಿಳಿ ಮರಿ ಹುಟ್ಟಿದೊಡನೆ ಆ ಬಣ್ಣ ಉಳಿಸುವ ಆಸೆಯಿಂದ ಮಗಳನ್ನು ತಂದೆಗೆ, ತಂಗಿಯನ್ನು ಅಣ್ಣನಿಗೆ ಜೋಡಿ ಮಾಡುವುದು ಸಾಕಣೆದಾರರಲ್ಲಿ ರೂಢಿ. ಬಣ್ಣವೇನೋ ಬೇಗ ಕೈಗೆ ಬರುತ್ತದೆ. ಆದರೆ ಬಿಳಿಯ ಹಾಗೆಯೇ ಅಡಗಿ ಕುಳಿತಿದ್ದ ಇತರ ದುರ್ಬಲ ಅಂಶಗಳೂ ಜೊತೆಯಾಗುತ್ತವೆ. ಮೊಟ್ಟೆ ಒಡೆಯದಿರುವುದು, ಮರಿ ಬಲಹೀನವಾಗುವುದು ಆಮೇಲಿನ ಗೋಳು. ತಿಳಿದವರು ಬಿಳಿ ಹಕ್ಕಿಯನ್ನು ನಂಟಿಲ್ಲದ, ಗಟ್ಟಿಮುಟ್ಟಾದ ಬೂದು ಹಕ್ಕಿಯೊಡನೆ ಕೂಡಿಸುತ್ತಾರೆ. ಮೊದಲ ತಲೆಮಾರಿನಲ್ಲಿ ಎಲ್ಲವೂ ಬೂದಾದರೂ ತಾಳ್ಮೆಗೆಡುವುದಿಲ್ಲ. ಎಲ್ಲವೂ ವಾಹಕಗಳೇ ಎಂದು ಅವರಿಗೆ ಗೊತ್ತು.

ಬಿಳಿ ಕ್ಯಾನರಿಗಳಲ್ಲೇ ಎರಡು ಬಗೆ. ಒಂದರ ಬಿಳಿ ಪ್ರಬಲ ಗುಣ. ಅದರ ವಂಶವಾಹಿ ಎರಡೂ ಕಡೆಯಿಂದ ಬಂದರೆ ಮರಿ ಬದುಕುವುದೇ ಇಲ್ಲ. ಹೀಗಾಗಿ ಅಂಥ ಎರಡು ಹಕ್ಕಿಗಳನ್ನು ಜೋಡಿ ಮಾಡಬಾರದೆಂಬ ನಿಯಮವಿದೆ. ಇನ್ನೊಂದರ ಬಿಳಿ ದುರ್ಬಲ ಗುಣ. 1908ರಲ್ಲಿ ಅದು ನ್ಯೂಜಿಲೆಂಡ್‌ನಲ್ಲಿ ಕಾಣಿಸಿಕೊಂಡಿತು. ಈ ಹಕ್ಕಿಗಳಿಗೆ ಎ ವಿಟಮಿನ್ ಹೆಚ್ಚಾಗಿ ಕೊಡದಿದ್ದರೆ ಕಾಯಿಲೆ ಬೀಳುತ್ತವೆ. ಕಾರಣ ತಿಳಿದದ್ದು 2017ರಲ್ಲಿ. ಮೇವಿನ ಕ್ಯಾರೊಟಿನಾಯ್ಡ್ ಅನ್ನು ಹೀರಿಕೊಳ್ಳಲು ನೆರವಾಗುವ ವಂಶವಾಹಿಯೇ ಅವುಗಳಲ್ಲಿ ಕೆಟ್ಟಿದೆ. ಹಳದಿ ಬಣ್ಣ ಗರಿಗೆ ಬಾರದಂತೆ, ಎ ವಿಟಮಿನ್ ತಯಾರಿಸಲು ಬೇಕಾದ ಅಂಶವೂ ಮೈಗೆ ಸಿಗುವುದಿಲ್ಲ.

ಕೆಂಪಿನ ಗುಟ್ಟು ಬಿಚ್ಚಿಕೊಂಡದ್ದು 2016ರಲ್ಲಿ. ಹಳದಿಯನ್ನು ಕೆಂಪಾಗಿ ಮಾರ್ಪಡಿಸುವ ವಂಶವಾಹಿಯನ್ನು ಎರಡು ತಂಡಗಳು ಬೇರೆ ಬೇರೆಯಾಗಿ ಗುರುತಿಸಿದವು. ಒಂದು ತಂಡ ನೋಡಿದ್ದು ಡಂಕರ್ ಕನಸಿನ ಕೆಂಪು ಕ್ಯಾನರಿಯನ್ನು. ಸಿಸ್ಕಿನ್‌ನಿಂದ ಬಂದ ಅಂಶ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಇನ್ನೊಂದು ತಂಡ ನೋಡಿದ್ದು ಸಾಕಣೆದಾರರ ಬಳಿಯಿದ್ದ, ಕೆಂಪು ಕೊಕ್ಕಿನ ಬದಲು ಹಳದಿ ಕೊಕ್ಕು ಪಡೆದ ಜೀಬ್ರಾ ಫಿಂಚ್ ಅನ್ನು. ಇದೂ ಪಂಜರದಲ್ಲಿ ಉಳಿದು ಬಂದ ಒಂದು ದುರ್ಬಲ ಗುಣವೇ. ಎರಡರಲ್ಲೂ ಸಿಕ್ಕಿದ್ದು ಒಂದೇ ವಂಶವಾಹಿ.

ಆದರೆ ಕೆಂಪು ಕೊಟ್ಟ ಸಿಸ್ಕಿನ್‌ನ ಪಾಡು ಚೆನ್ನಾಗಿಲ್ಲ. ಕ್ಯಾನರಿ ಸಾಕಣೆದಾರರಿಗಾಗಿ ಬಲೆ ಹಾಕಿ ಹಿಡಿದು ಹಿಡಿದು ವೆನಿಜುವೆಲಾದಲ್ಲಿ ಅದು ತೀರ ವಿರಳವಾಯಿತು. ಈಗ ಅದು ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. 2000ದಲ್ಲಿ ಗಯಾನಾ ದೇಶದ ದಕ್ಷಿಣದ ಹುಲ್ಲುಗಾವಲಿನಲ್ಲಿ ಒಂದಷ್ಟು ಹಕ್ಕಿಗಳು ಕಂಡುಬಂದದ್ದು ಸಮಾಧಾನದ ಸಂಗತಿ. ನಮ್ಮ ದೇಶದಲ್ಲಿ ಕಾಡಿನ ರಾಟವಾಳಗಳನ್ನು ಹಿಡಿಯುವುದು, ಮಾರುವುದು ಅಪರಾಧ. ಆ ಕಾನೂನು ಏಕೆ ಬೇಕು ಎಂಬುದಕ್ಕೆ ಸಿಸ್ಕಿನ್ ಕಥೆಯೇ ಸಾಕ್ಷಿ.

ಇಷ್ಟೆಲ್ಲ ತಿಳಿದ ಮೇಲೆ ಮತ್ತೆ ಆ ಪಂಜರವನ್ನು ನೋಡಿದರೆ ಕಣ್ಣು ಮೊದಲು ಹೋಗುವುದು ಬಿಳಿ ಮರಿಯತ್ತಲೇ. ಅದರ ಗುಟ್ಟು ರಟ್ಟಾಗಿದೆ. ಕುತೂಹಲ ಇರಬೇಕಾದದ್ದು ಪಕ್ಕದಲ್ಲಿ ಕುಳಿತ ಮೂರು ಬೂದು ಮರಿಗಳ ಬಗ್ಗೆ. ಅವುಗಳಲ್ಲಿ ಬಿಳಿಯನ್ನು ಹೊತ್ತವು ಯಾವುವು, ಹೊರದಿರುವುದು ಯಾವುದು ಎಂದು ನೋಡಿ ಹೇಳಲು ಯಾರಿಂದಲೂ ಆಗದು. ಅವು ಬೆಳೆದು, ಜೋಡಿಯಾಗಿ, ಮರಿ ಮಾಡುವ ತನಕ ಕಾಯಬೇಕು.